ಲಾಂಡ್ರಿ ಅಕ್ಕನ ಡೋಲು ಮತ್ತು ಮೂರನೇ ನಂಬರಿನ ಮೆಷಿನ್

ಊರಿನ ವಾದ್ಯವೃಂದ ಸಂಗೀತದ ಮೇಲಿನ ಭಕ್ತಿಯಿಂದ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಯಲ್ಲಿ ಪಿಟೀಲು ಮುಟ್ಟಕೂಡದೆಂದು ಹಲ್ಲಿನ ಡಾಕ್ಟರಿಗೆ ಹೆಂಡತಿಯ ಕಟ್ಟಪ್ಪಣೆಯಾಗಿತ್ತು. ಬಸ್ ಡ್ರೈವರಿನ ತುತ್ತೂರಿಗೆ ಅಕ್ಕಪಕ್ಕದವರು ರೋಸಿಹೋಗಿದ್ದರು. ಹೀಗೆ ಎಲ್ಲೆಲ್ಲಿಂದಲೋ ಓಡಿಸಿಕೊಂಡ ಹದಿನಾಲ್ಕು ಜನ ಇಪ್ಪತ್ತು ವರ್ಷದ ಹಿಂದೆ ಒಂದು ಭಾನುವಾರ ಲಾಂಡ್ರಿ ಅಕ್ಕನ ಬಾಗಿಲಿಗೆ ಬಂದು ನಿಂತರು. ಬಟ್ಟೆ ಒಗೆಯುವ ಮೆಷಿನ್ನುಗಳ ಗದ್ದಲದಲ್ಲಿ ತಮ್ಮ ಗದ್ದಲ ಮುಚ್ಚಿಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ.

"ಜಾಗ ಕೊಡ್ತೀನಿ. ಆದ್ರೆ ನಂಗೂ ಒಂದು ವಾದ್ಯ ಕೊಡ್ಬೇಕು," ಎಂದಳು ಅಕ್ಕ.

ಉಳಿದಿದ್ದದ್ದು ಯಾರಿಗೂ ಬೇಡವಾದ ದೊಡ್ಡ ಡೋಲು. ಅದನ್ನು ತಬ್ಬಿಕೊಂಡ ಮೊದಲ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಸ್ತ್ರಿ ಮಾಡುತ್ತಿದ್ದ ಗಂಡ ಅವಳನ್ನೇ ನೋಡುತ್ತ ಯಾರದೋ ಅಂಗಿಯ ಬೆನ್ನು ಸುಟ್ಟ.

ಹೋಟೆಲಿನ ಹಾಸು ಹೊದಿಕೆಗಳು ಬರುತ್ತಿದ್ದದ್ದೂ ಭಾನುವಾರವೇ. ಹಾಗಾಗಿ ಮೆಷಿನ್ ನಿಲ್ಲಿಸುವ ಮಾತೇ ಇರಲಿಲ್ಲ. ಅದರಲ್ಲಿ ಮೂರನೇ ನಂಬರಿನದಕ್ಕೆ ಒಂದು ಊನವಿತ್ತು: ಏಳು ಸುತ್ತು ನೆಟ್ಟಗೆ ತಿರುಗಿ, ಎಂಟನೆಯದಕ್ಕೆ 'ಧಡಕ್' ಎಂದು ಎಡವುತ್ತಿತ್ತು. ಇಪ್ಪತ್ತು ವರ್ಷ ಎಲ್ಲರೂ ಅದರ ಪಕ್ಕದಲ್ಲೇ ಕೂತು ನುಡಿಸಿದರು.

ಆರು ತಿಂಗಳ ಹಿಂದೆ ವೃಂದವನ್ನು ತಿದ್ದಲು ಲೆಕ್ಕದ ಮೇಷ್ಟ್ರು ಬಂದರು. ಮೆಷಿನ್ನಿನ ಸದ್ದು ತಾಳಲಾರದೆ ಕಿವಿಗೆ ಹತ್ತಿ ತುರುಕಿಕೊಂಡೇ ಅವರು ಕೋಲು ಆಡಿಸುತ್ತಿದ್ದದ್ದು. ಹತ್ತಿಯನ್ನು ದಾಟಿ ಒಳಗೆ ಹೋಗುತ್ತಿದ್ದದ್ದು ಡೋಲೊಂದೇ.

"ಎಂಟನೇ ಏಟಿಗೆ ನೀವು ಎಡವ್ತೀರಿ ಅಕ್ಕಾ," ಎಂದರು ಮೇಷ್ಟ್ರು. "ಬರೋ ವಾರ ಮೊದಲನೇ ಸಲ ದೊಡ್ಡ ಸಭಾಂಗಣದಲ್ಲಿ ನುಡಿಸ್ತಿದೀವಿ. ಡೋಲು ಶೋಭೆಗೆ ವೇದಿಕೆ ಮೇಲಿರ್ಲಿ. ನೀವು ಬಾಗಿಲಲ್ಲಿ ಹಾಡುಗಳ ಪಟ್ಟಿ ಹಂಚಿ."

ಅಕ್ಕ ಡೋಲನ್ನು ಕೆಳಗಿಳಿಸಿದಳು. ಅತ್ತಿಗೆಯ ಡೋಲು ಕೇಳಲು ಇಡೀ ಆಫೀಸನ್ನೇ ಎಳೆದು ತರುತ್ತೇನೆಂದು ನಾದಿನಿ ಆಗಲೇ ಊರೆಲ್ಲ ಡಂಗುರ ಸಾರಿದ್ದಳು. ಅವಳಿಗೆ ನಿಜ ಹೇಳಲು ಅಕ್ಕನಿಗೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಸಂಕಟ. ಇಪ್ಪತ್ತು ವರ್ಷ ಕಾದಿದ್ದ ದಿನ ಅದು.

ಸಭಾಂಗಣ ತುಂಬಿತು. ಮೇಷ್ಟ್ರು ಕೋಲೆತ್ತಿದರು. ಒಳಗೆ ಅದೆಂಥ ನಿಶ್ಶಬ್ದವೆಂದರೆ ಬಸ್ ಡ್ರೈವರ್ ಎಂಜಲು ನುಂಗಿದ್ದು ಬಾಗಿಲವರೆಗೂ ಕೇಳಿಸಿತು. ಏಳು ಏಟು ಹೇಗೋ ಸಾಗಿತು. ಎಂಟನೆಯದಕ್ಕೆ ಅರ್ಧ ಜನ 'ಧಡಕ್'ಗೆ ಕಾದು ನಿಂತರು, ಇನ್ನರ್ಧ ಜನ ಮುಂದೆ ಹೋಗಿಬಿಟ್ಟರು. ಡಾಕ್ಟರ ಪಿಟೀಲು ಎತ್ತಲೋ, ತುತ್ತೂರಿ ಇನ್ನೆತ್ತಲೋ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಹುಳ್ಳಗಾಯಿತು.

ಬಾಗಿಲಲ್ಲಿ ನಿಂತ ಅಕ್ಕನಿಗೆ ತಟ್ಟನೆ ಹೊಳೆಯಿತು. ಮೂರನೇ ನಂಬರಿನ ಮೆಷಿನ್ನಿನ ಜೊತೆ ಎಡವುತ್ತಿದ್ದದ್ದು ತಾನೊಬ್ಬಳೇ ಅಲ್ಲ, ಹದಿನೈದೂ ಜನ! ಕೈಲಿದ್ದ ಪಟ್ಟಿಗಳನ್ನೆಲ್ಲ ಯಾರದೋ ಮಡಿಲಿಗೆ ಸುರಿದು ಓಡಿದಳು. ಚಪ್ಪಲಿ ಒಂದು ನಡುವೆಯೇ ಕಳಚಿಬಿತ್ತು. ವೇದಿಕೆ ಹತ್ತಿ, ಯಾರನ್ನೂ ಕೇಳದೆ ಡೋಲಿಗೆ ಕೈಯಿಟ್ಟಳು. ಏಳು ಏಟು ನೆಟ್ಟಗೆ, ಎಂಟನೆಯದು ಧಡಕ್.

ಹದಿನಾಲ್ಕೂ ಜನ ಒಟ್ಟಿಗೆ ಎಡವಿದರು. ಆಹಾ, ಅದೆಷ್ಟು ಚೆಂದವಾಗಿ ಎಡವಿದರು! ಮುಂದಿನ ಸುತ್ತಿಗೆ ಪಿಟೀಲು, ತುತ್ತೂರಿ ಎಲ್ಲ ಹಾದಿಗೆ ಬಂದವು. ಮೂರನೆಯ ಸುತ್ತಿಗೆ ಜನ ಕುರ್ಚಿಯಲ್ಲೇ ಕುಣಿಯತೊಡಗಿದರು, ಎಂಟನೇ ಏಟು ಬಂದಾಗಲೆಲ್ಲ ಇಡೀ ಸಭಾಂಗಣ ಒಮ್ಮೆ ಪುಟಿಯುತ್ತಿತ್ತು. "ಅವ್ಳು ನಮ್ಮತ್ತಿಗೆ! ನಮ್ಮತ್ತಿಗೆ ಕಣ್ರೀ!" ಎಂದು ನಾದಿನಿ ಕಿರುಚಿದ್ದು ತುತ್ತೂರಿಗಿಂತ ಜೋರಾಗಿತ್ತು. ಅಕ್ಕ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಎರಡನ್ನೂ ತಡೆಯಲು ಅವಳಿಗೆ ಕೈ ಬಿಡುವಿರಲಿಲ್ಲ.

ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಅವಳ ಬಳಿ ಬಂದರು.

"ಅಕ್ಕಾ, ನಿಮ್ಮನ್ನ ಹೊರಗೆ ನಿಲ್ಸಿದ್ದು ನನ್ನ ತಪ್ಪು."

"ಈಗ ಅಳಿಸ್ಬೇಡಿ ಮೇಷ್ಟ್ರೇ, ಇನ್ನೂ ನಾಲ್ಕು ಹಾಡಿದೆ."

ಮೇಷ್ಟ್ರು ತಮ್ಮ ಜಾಗಕ್ಕೆ ಹೋಗಿ ಕೋಲೆತ್ತಿದರು. ಆದರೆ ಬೀಸಲಿಲ್ಲ. ಅವಳ ಮುಖವನ್ನೇ ನೋಡುತ್ತ, ಅವಳ ಕೈ ಏಳಲೆಂದು ಕಾದು ನಿಂತರು.