ಕೈಮುರಿದ ಕೋಡಂಗಿ

ಅರಬ್ ದೇಶದ ಕಡಲತಡಿಯ ಅಲ್ ಗುಬ್ರಾದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಜರ್ಮನ್ ಮೇಡಂ ಅವರ ಗಾಜಿನ ಕಪಾಟಿನಲ್ಲಿ ನಾಲ್ಕು ಪಿಂಗಾಣಿ ಗೊಂಬೆಗಳಿದ್ದವು. ಇಟಲಿಯಲ್ಲಿ ಮುಖವಾಡ ಹಾಕಿ ಜನರನ್ನು ನಗಿಸುತ್ತಿದ್ದ ನಾಟಕದವರನ್ನು ನೋಡಿ ಜರ್ಮನಿಯಲ್ಲಿ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಮಾಡಿದ್ದಂತೆ. ಜಿಪುಣ ಯಜಮಾನ, ಬಾಯಿಬಡುಕ ಪಂಡಿತ, ಜಂಬದ ಸಿಪಾಯಿ, ತೇಪೆ ಅಂಗಿಯ ಕೋಡಂಗಿ. ಕೋಡಂಗಿಗೆ ಬಲಗೈ ಇರಲಿಲ್ಲ. ಮೆತ್ತನೆಯ ಬ್ರಷ್‌ನಿಂದ ಇವುಗಳ ಧೂಳು ತೆಗೆಯುವುದೂ ನನ್ನ ಕೆಲಸವೇ.

ಮೇಡಂ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದಾಗ ನನಗೆ ಅತಿ ಬುದ್ಧಿ ಬಂತು. ನಮ್ಮ ಉಡುಪಿ ಕಡೆ ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಸಕ್ಕೂ ಹಾಕುವುದಿಲ್ಲ, ನೀರಿಗೆ ಬಿಡುತ್ತೇವೆ. ಇದು ದೇವರಲ್ಲ, ಪರದೇಶದ ಹಾಸ್ಯಗಾರ ಎಂದು ಗೊತ್ತಿತ್ತು. ಆದರೂ ಕಣ್ಣು ಮೂಗು ಇದ್ದದ್ದಲ್ಲವೇ, ಅದೂ ಕಾಯಿಲೆಯವರ ಮನೆಯಲ್ಲಿ. ಟವೆಲ್ಲಿನಲ್ಲಿ ಸುತ್ತಿ, ಗಂಡನ ಕಾರಿನಲ್ಲಿ ಕಡಲಿಗೆ ಹೋಗಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ಅಲೆಗೆ ಬಿಟ್ಟೆ. ಕೈ ಬೇರೆ ಮುಗಿದೆ, ಕತ್ತೆ ನಾನು.

"ಒಳ್ಳೇದೇ ಮಾಡಿದ್ದಿ ಮಾರಾಯ್ತಿ, ಅವರಿಗೆ ಗುಣ ಆಗ್ತದೆ" ಎಂದರು ನನ್ನ ಗಂಡ.

ಮುಂದಿನ ವಾರ ಮೇಡಂ ಮನೆಗೆ ಬಂದಾಗ ಒಳಗೊಳಗೇ ಬೀಗಿದೆ. ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲವೆಂದು ಡಾಕ್ಟರು ಕಳಿಸಿದ್ದು ಎಂದು ಆಮೇಲೆ ತಿಳಿಯಿತು. ಮಲಗಿದಲ್ಲಿಂದಲೇ ಅವರು ಮೊದಲು ಕೇಳಿದ್ದು ಆ ಕೋಡಂಗಿಯನ್ನು. ರಿಪೇರಿಗೆ ಕೊಟ್ಟಿದ್ದೇನೆ ಎಂದುಬಿಟ್ಟೆ. ಅವರ ಮುಖ ಕಪ್ಪಿಟ್ಟಿತು.

ಆಗ ಮೇಡಂ ಹೇಳಿದರು, ಅವರಿಗೆ ಒಬ್ಬಳು ಮಗಳಿದ್ದಳಂತೆ. ಆಡುತ್ತಾ ಗೊಂಬೆಯ ಕೈ ಮುರಿದವಳು ಅವಳೇ. ಅದೇ ತಿಂಗಳು ಜ್ವರ ಬಂದು ಹೋಗಿಬಿಟ್ಟಳು, ಆರು ವರ್ಷಕ್ಕೆ. ಸರಿಮಾಡಿ ಕೊಡುತ್ತೇವೆಂದು ಎಷ್ಟೋ ಜನ ಹೇಳಿದರೂ ಮೇಡಂ ಒಪ್ಪಿರಲಿಲ್ಲ. ದಿನಕ್ಕೊಮ್ಮೆ ಆ ಮುರಿದ ಜಾಗದ ಮೇಲೆ ಬೆರಳಿಡುತ್ತಿದ್ದರಂತೆ. ನಾಲ್ಕು ವರ್ಷ ಆ ಮನೆಯಲ್ಲಿ ದುಡಿದರೂ ನಾನು ನೋಡಿರಲಿಲ್ಲ.

"ಈಗಲೇ ಫೋನ್ ಮಾಡು," ಎಂದರು. "ಕೈ ಅಂಟಿಸಬೇಡಿ ಅಂತ ಹೇಳು."

ನಿಜ ಹೇಳುವ ಧೈರ್ಯ ಬರಲಿಲ್ಲ. ಯಾರ ನಂಬರನ್ನೂ ಒತ್ತದೆ ಫೋನನ್ನು ಕಿವಿಗಿಟ್ಟುಕೊಂಡು, ಕೈ ಹಾಗೇ ಇರಲಿ, ಏನೂ ಮಾಡಬೇಡಿ ಎಂದೆ. ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ಆ ಸಮಾಧಾನ ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆಮೇಲೆ ದಿನಾ ಬೆಳಿಗ್ಗೆ, ಬಂತಾ ಎಂದು ಕೇಳುತ್ತಿದ್ದರು. ನಾಳೆ ಬರುತ್ತದೆ ಎನ್ನುತ್ತಿದ್ದೆ. ಹೀಗೆ ಒಂಬತ್ತು ದಿನ. ಹತ್ತನೆಯ ಬೆಳಿಗ್ಗೆ ಕೇಳಲಿಲ್ಲ. ಗಂಜಿ ತಿನ್ನಿಸಲು ಪಕ್ಕದಲ್ಲಿ ಕೂತರೆ, ನನ್ನನ್ನೊಮ್ಮೆ ನೋಡಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಉಸಿರು ನಿಲ್ಲುವವರೆಗೂ ಮತ್ತೆ ಈ ಕಡೆ ತಿರುಗಲಿಲ್ಲ.