ಗಿಟಾರ್ ಮಾಗಿಸಿದ ಪಂಚಣ್ಣ

ಗಿಟಾರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಮನುಷ್ಯನನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ಕಂಡಿದ್ದೇನೆ ಅನ್ನುವುದೇನು, ಅವನ ಅಂಗಡಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದು ವರ್ಷಗಟ್ಟಲೆ ಅದನ್ನೇ ನೋಡಿದ್ದೇನೆ. ಒಂದು ಕೈಯಲ್ಲಿ ಗಿಟಾರಿನ ಕತ್ತು, ಇನ್ನೊಂದರಲ್ಲಿ ಬುಡ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಕೂಸಿಗೆ ಗಿಲಕಿ ಆಡಿಸುವ ಹಾಗೆ ಆಡಿಸುತ್ತಿದ್ದ. ಒಳಗೆ ಏನಾದರೂ ಲಟಲಟ ಅಂದರೆ ಮುಖ ಅರಳುತ್ತಿತ್ತು. ಸದ್ದು ಬರದಿದ್ದರೆ "ಇನ್ನೂ ಹಸಿ ಐತೆ ಕಣ್ಲಾ" ಎಂದು ಪಕ್ಕಕ್ಕೆ ಇಡುತ್ತಿದ್ದ.

ಹೆಸರು ಪಂಚಾಕ್ಷರಯ್ಯ. ಊರೆಲ್ಲ ಪಂಚಣ್ಣ ಅನ್ನುತ್ತದೆ. ಎದುರಿಗೆ ನಾನೂ ಅಣ್ಣ, ನೀವು ಎಂದೇ ಮಾತಾಡಿಸಿದವನು. ಬರೆಯುವಾಗಲಾದರೂ ಅವನನ್ನು ಏಕವಚನದಲ್ಲಿ ಕರೆಯುವ ಸುಖ ನನಗಿರಲಿ. ತಿಪಟೂರಿನಲ್ಲಿ ಅವನದು ಕೊಬ್ಬರಿ ಮಂಡಿ. ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಟ್ಟುಬಿಡುತ್ತಾರೆ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಆಡಿಸಿದರೆ ಸದ್ದು ಬರುತ್ತದೆ. ಸದ್ದು ಬಂದರೆ ಮಾಗಿದೆ, ಇಲ್ಲದಿದ್ದರೆ ಹಸಿ. ಪಂಚಣ್ಣನ ತಾತ ಹೀಗೇ ನೋಡಿದ, ಅಪ್ಪನೂ ಹೀಗೇ ನೋಡಿದ. ಇವನು ಕಾಯಿಯನ್ನು ಮಾತ್ರ ಹೀಗೆ ನೋಡಿಕೊಂಡಿದ್ದರೆ ನನಗೆ ಅವನ ಮೇಲೆ ಯಾವ ದೂರೂ ಇರುತ್ತಿರಲಿಲ್ಲ.

ನಾನು ಮದುವೆ, ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸುವವನು. ಉಳಿದ ಹೊತ್ತು ಆ ಮೇಲಿನ ರೂಮಿನಲ್ಲಿ ಪಾಠ ಹೇಳುತ್ತಿದ್ದೆ. ಒಮ್ಮೆ ನನ್ನಲ್ಲಿದ್ದ ಹಳೇ ಗಿಟಾರೊಂದನ್ನು ಆನ್‌ಲೈನ್ ಹರಾಜಿಗೆ ಹಾಕಿದೆ. ಹೊರದೇಶದವನೊಬ್ಬ ಹಿಡಿದ. ಕೊರಿಯರ್‌ನವನಿಗೆ ಪೆಟ್ಟಿಗೆ ಕೊಡುವಾಗ ಪಂಚಣ್ಣ ಗಲ್ಲಾದಿಂದ ಎದ್ದು ಬಂದ.

"ಏನ್ಲಾ ಲೋಕೇಸ ಅದು?"

"ಹಳೇ ಗಿಟಾರು ಕಣಣ್ಣ. ಮಾರ್ದೆ."

"ಹಳೇದನ್ನ ಯಾವನ್ಲಾ ತಗಂಡ?"

"ಹಳೇದಾದಷ್ಟೂ ಬೆಲೆ ಜಾಸ್ತಿ ಅಣ್ಣ ಇದಕ್ಕೆ. ಮರ ಒಣಗಿ ನಾದ ಚೆನ್ನಾಗಾಗ್ತದೆ."

ಪಂಚಣ್ಣ ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ಹಣೆಯ ವಿಭೂತಿಯ ಕೆಳಗೆ ಏನೋ ಓಡಾಡಿದ್ದು ಕಾಣಿಸಿತು. "ಒಣಗಿದಷ್ಟೂ ರೇಟು ಅಂತೀಯ. ಹಂಗಾರೆ ಇದು ನಮ್ ಕಸುಬೇ ಅಲ್ವೇನ್ಲಾ," ಅಂದ. ನಾನು ನಕ್ಕೆ. ತಮಾಷೆಗೆ ಅಂದ ಅಂದುಕೊಂಡೆ.

ತಮಾಷೆ ಅನ್ನುವುದು ಅವನ ವಂಶದಲ್ಲೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಆರು ತಿಂಗಳಲ್ಲಿ ಮಂಡಿಯ ಚೀಲಗಳ ಮೇಲೆಲ್ಲ ಗಿಟಾರುಗಳು ಮಲಗಿದವು. ಮುಚ್ಚಿಹೋದ ಆರ್ಕೆಸ್ಟ್ರಾಗಳಿಂದ, ಸತ್ತವರ ಮನೆಗಳಿಂದ, ಬೆಂಗಳೂರಿನ ಗುಜರಿಯಿಂದ ಸಿಕ್ಕಿದ್ದನ್ನೆಲ್ಲ ತಂದ. ತರುವಾಗ ಒಂದು ಬೆಲೆ, ಹರಾಜಿಗೆ ಹಾಕುವಾಗ ಇನ್ನೊಂದು ಬೆಲೆ. ಅದು ವ್ಯಾಪಾರ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವನ ಮಂಡಿಯಲ್ಲಿ ಗಿಟಾರ್ ನುಡಿಸುವ ಹಾಗಿರಲಿಲ್ಲ. ಒಮ್ಮೆ ಒಂದನ್ನು ತೊಡೆಯ ಮೇಲಿಟ್ಟು ತಂತಿ ಮುಟ್ಟಿದ್ದೇ ತಡ, ಓಡಿ ಬಂದು ಕಿತ್ತುಕೊಂಡ. "ಸವೆದೋಯ್ತದೆ ಬುಡು, ಮಾಲು," ಅಂದ. ಅಷ್ಟು ವರ್ಷದಲ್ಲಿ ಅವನು ಒಂದು ತಂತಿಯ ನಾದವನ್ನೂ ಪೂರ್ತಿ ಕೇಳಿದವನಲ್ಲ.

ಹರಾಜಿಗೆ ಹಾಕುವ ಮಾಲಿನ ವಿವರವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವ ಕರ್ಮ ನನ್ನದು. ಬಾಡಿಗೆದಾರನಾಗಿದ್ದು ಆಗಲ್ಲ ಅನ್ನುವುದು ಹೇಗೆ? ಒಂದು ಸಲ ಯಾರೋ ಕೊಳ್ಳುವವನು, ಗಿಟಾರಿನೊಳಗೆ ಏನಾದರೂ ಸಡಿಲವಾಗಿದೆಯೇ ಎಂದು ಕೇಳಿದ. ಪಂಚಣ್ಣ ಅದನ್ನು ಅಲ್ಲಾಡಿಸಿ ನನ್ನ ಕಿವಿಗೂ ಹಿಡಿದು ಕೇಳಿಸಿದ. ಒಳಗಿನ ಆಸರೆ ಪಟ್ಟಿಯೊಂದು ಅಂಟು ಬಿಟ್ಟು ಲಟಗುಟ್ಟುತ್ತಿತ್ತು. "ಚೆನ್ನಾಗಿ ಬುಟ್ಕಂಡೈತೆ, ಫಸ್ಟ್ ಕ್ಲಾಸ್ ಸದ್ದು ಬತ್ತದೆ ಅಂತ ಬರಿ," ಅಂದ. ಅದು ಮುರಿದಿರುವ ಸದ್ದು ಎಂದು ನಾನು ಬಡಕೊಂಡೆ. "ನೀನು ಬಾರಿಸೋನು. ನಾನು ಮೂರು ತಲೆಮಾರಿನಿಂದ ಸದ್ದು ಕೇಳ್ತಿರೋನು," ಅಂದ. ಆ ಕೊಳ್ಳುವವನು ಮತ್ತೆ ಬರೆಯಲಿಲ್ಲ. ಅವನಿಗೆ ಮಾಲು ಗೊತ್ತಿಲ್ಲ ಎಂದು ಪಂಚಣ್ಣ ತೀರ್ಮಾನ ಮಾಡಿದ.

ಬೆಲೆ ಏರಿಸಲು ಮಾಯಸಂದ್ರದ ಬಾಮೈದನಿಗೆ ಹೇಳಿ ಅವನ ಫೋನಿನಿಂದ ಕೂಗಿಸುವ ಉಪಾಯವನ್ನೂ ಮಾಡಿದ. ಸ್ವಲ್ಪ ಏರಿಸಿ ನಿಲ್ಲಿಸು ಅಂದಿದ್ದನಂತೆ. ಬಾಮೈದನಿಗೆ ಹುರುಪು ಬಂದು ನಿಲ್ಲಿಸಲೇ ಇಲ್ಲ. ಹರಾಜು ಮುಗಿದಾಗ ಪಂಚಣ್ಣನ ಗಿಟಾರು ಪಂಚಣ್ಣನ ಬಾಮೈದನಿಗೇ ಆಗಿತ್ತು. ಹರಾಜಿನ ಕಂಪನಿಯವರ ಕಮಿಷನ್ ಯಾರು ಕಟ್ಟಬೇಕು ಎಂದು ಜಗಳವಾಗಿ, ಎರಡು ಮನೆಯವರೂ ಒಂದು ದೀಪಾವಳಿ ಕಳೆಯುವವರೆಗೂ ಮಾತು ಬಿಟ್ಟರು. ಆ ದಿನಗಳಲ್ಲಿ ನಾನು ಅವನನ್ನು ನೆನೆದು ಒಬ್ಬನೇ ನಗುತ್ತಿದ್ದೆ. ಬರೀ ಪೆದ್ದ, ಯಾರಿಗೂ ಕೇಡಿಲ್ಲ ಅಂದುಕೊಂಡಿದ್ದೆ.

ನನಗೆ ಗಿಟಾರ್ ಕಲಿಸಿದವರು ಡೇವಿಡ್ ಮೇಷ್ಟ್ರು. ರೈಲ್ವೆ ಗಾರ್ಡ್ ಆಗಿದ್ದವರು, ನಿವೃತ್ತಿಯಾದ ಮೇಲೂ ತಿಪಟೂರು ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ ಉಳಿದರು. ಅವರ ಗಿಟಾರು ಹಳೆಯ ಕಾಲದ ಪರದೇಶದ್ದು, ದೊಡ್ಡ ಹೊಟ್ಟೆಯದು. ತಂತಿ ಬಿಗಿಯುವ ಕಿವಿಗಳಲ್ಲಿ ಒಂದು ಎಂದೋ ಮುರಿದು, ಮೇಷ್ಟ್ರು ತೆಂಗಿನ ಚಿಪ್ಪನ್ನು ಉಜ್ಜಿ ಉಜ್ಜಿ ಅದರ ಜಾಗಕ್ಕೆ ತಾವೇ ಒಂದು ಕಿವಿ ಮಾಡಿ ಕೂರಿಸಿದ್ದರು. ನನ್ನ ಬೆರಳಿಗೆ ಮೊದಲು ಬೊಬ್ಬೆ ಬಂದದ್ದು ಆ ತಂತಿಗಳ ಮೇಲೆ. ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ದಿನಾ ಸಂಜೆ ಹೋಗಿ ಅದನ್ನು ನುಡಿಸುತ್ತಿದ್ದೆ. ಒಂದು ಸಂಜೆ ಹೆಂಡತಿಯನ್ನು ಕರೆದು, "ಸ್ಟೆಲ್ಲಾ, ನಾನು ಹೋದ ಮೇಲೆ ಇದು ಇವನ ಹತ್ರ ಇರ್ಲಿ. ಸುಮ್ನೆ ಮಲಗಿಸ್ಬೇಡಿ ಅದನ್ನ," ಅಂದರು. ನನಗೆ ಬೇಕಾಗಿದ್ದದ್ದು ಜೀವನದಲ್ಲಿ ಅದೊಂದೇ ಅಂದರೂ ಸುಳ್ಳಲ್ಲ.

ಅದೇ ದಿನಗಳಲ್ಲಿ ಪಂಚಣ್ಣನೂ ಅಲ್ಲಿಗೆ ಬರಲು ಶುರುಮಾಡಿದ. ಬರುವಾಗಲೆಲ್ಲ ಒಂದು ಗೊನೆ ಎಳನೀರು. "ಕುಡೀರಿ ಮೇಷ್ಟ್ರೇ, ಮೈಗೆ ತಂಪು," ಎಂದು ತಾನೇ ಕೆತ್ತಿ ಕೊಡುತ್ತಿದ್ದ. ಸ್ಟೆಲ್ಲಮ್ಮನಿಗೆ ಕಣ್ಣು ತುಂಬಿ ಬರುತ್ತಿತ್ತು. "ಯಾರು ಹಿಂಗೆ ಬರ್ತಾರಪ್ಪ ಈ ಕಾಲದಲ್ಲಿ," ಎಂದು ನನ್ನ ಹತ್ತಿರ ಹೇಳಿಕೊಂಡರು. ನನಗೂ ಅವನ ಮೇಲೆ ಒಳ್ಳೆಯ ಭಾವನೆ ಬಂದಿತ್ತು, ನಾಚಿಕೆಯಾಗುತ್ತದೆ ಹೇಳಲು. ಒಂದು ವಿಷಯ ಮಾತ್ರ ಕಾಣುತ್ತಿತ್ತು. ಹೆಂಗಿದೀರಾ ಎಂದು ಕೇಳುವಾಗ ಅವನು ಮಂಚದ ಕಡೆ ನೋಡುತ್ತಿರಲಿಲ್ಲ, ಗೋಡೆಗೆ ಒರಗಿಸಿದ್ದ ಗಿಟಾರಿನ ಕಡೆ ನೋಡುತ್ತಿದ್ದ.

ಮೇಷ್ಟ್ರು ಹೋದರು. ಮಣ್ಣು ಮಾಡಿದ ಮಾರನೆಯ ದಿನ ಪಂಚಣ್ಣ ಬಂದ. ನಾನೂ ಅಲ್ಲಿದ್ದೆ. ಎರಡು ಮಾತು ಸಮಾಧಾನ ಹೇಳಿ, ಗಿಟಾರನ್ನು ಎತ್ತಿ ಬಗಲಿಗೆ ಹಾಕಿಕೊಂಡ.

"ಅಣ್ಣ, ಅದು ನನಗೆ ಅಂತ ಮೇಷ್ಟ್ರು ಹೇಳಿದ್ರು," ಅಂದೆ.

"ಹೇಳಿರ್ಬೋದು. ಮುಂಗಡ ನಂದು." ಸ್ಟೆಲ್ಲಮ್ಮನ ಕಡೆ ತಿರುಗಿದ. "ಇಷ್ಟು ದಿನ ಎಳನೀರು ತಂದಾಕಿದ್ದು ಏನಕ್ಕೆ ಕಣಮ್ಮ? ಮರದ ಮೇಲಿರೋ ಕಾಯಿಗೇ ನಾವು ಮುಂಗಡ ಕೊಡೋರು. ಫಸಲು ಇಳಿದ ಮೇಲೆ ಮಾಲು ಯಾರಿಗೆ?"

ಅವನು ಹೇಳಿದ್ದು ಈ ಕಡೆಯ ಪದ್ಧತಿಯೇ. ತೋಟದ ಕಾಯಿ ಬಲಿಯುವ ಮೊದಲೇ ವ್ಯಾಪಾರಿ ಮುಂಗಡ ಕೊಟ್ಟು ಗೊತ್ತು ಮಾಡಿಕೊಳ್ಳುತ್ತಾನೆ. ಆದರೆ ಸಾಯುತ್ತಿರುವ ಮನುಷ್ಯನನ್ನು ಮರದಂತೆ ನೋಡಿ, ಯಾವಾಗ ಉದುರುತ್ತದೋ ಎಂದು ಎಳನೀರು ಹಿಡಿದುಕೊಂಡು ಕಾದವನು ಇವನೊಬ್ಬನೇ ಇರಬೇಕು. ನಾನು ಬಾಯಿಗೆ ಬಂದದ್ದು ಅಂದೆ. ಸ್ಟೆಲ್ಲಮ್ಮ ನನ್ನ ಕೈ ಹಿಡಿದು ತಡೆದರು. "ಬೇಡ ಲೋಕೇಶ. ಎಳನೀರನ್ನ ಇವರು ಕುಡಿದಿದಾರೆ. ಸತ್ತೋರ ಮೇಲೆ ಯಾರದೂ ಋಣ ಇರೋದು ಬೇಡ, ತಗೊಂಡು ಹೋಗ್ಲಿ," ಅಂದರು. ಅವನು ಹೊಸ್ತಿಲು ದಾಟುವ ಮೊದಲೇ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಸದ್ದು ಬರಲಿಲ್ಲ. ಹೇಗೆ ಬಂದೀತು, ಮೇಷ್ಟ್ರು ಅದನ್ನು ಮಗುವಿನಂತೆ ನೋಡಿಕೊಂಡಿದ್ದರು. ಪಂಚಣ್ಣ ಬೇಜಾರಿನಿಂದ ತಲೆ ಆಡಿಸಿದ.

ನನಗೇ ಮಾರಿಬಿಡಿ ಎಂದು ಮಂಡಿಗೆ ಹೋಗಿ ಕೇಳಿದೆ. ಕೇಳಿದೆ ಅಲ್ಲ, ಬೇಡಿದೆ.

"ನಿಂಗೆ ಕೊಟ್ರೆ ನೀನು ನುಡಿಸ್ತೀಯ," ಅಂದ, ಕಳ್ಳನನ್ನು ಹಿಡಿದವನ ಹಾಗೆ. "ಬೇಕಾದ್ರೆ ಹರಾಜಿನಾಗೆ ಕೂಗು. ಈಗಲೇ ಅಲ್ಲ, ಮೊದ್ಲು ಅಟ್ಟದ ಮೇಲೆ ಒಂದು ಬೇಸಿಗೆ ಮಾಗ್ಲಿ."

ತಗಡಿನ ಕೆಳಗಿನ ಆ ಅಟ್ಟದ ಝಳ ಎಂಥದೆಂದು ಕಾಯಿ ತಿರುವಲು ಹತ್ತಿದವರನ್ನು ಕೇಳಬೇಕು. ಅಂಟು ಬಿಟ್ಟುಹೋಗುತ್ತದೆ, ಮರ ಸೀಳುತ್ತದೆ, ಬೇಡಿ ಎಂದು ಕೈ ಮುಗಿದೆ. "ಅಂಟು ಬುಡ್ಲಿ ಅಂತಲೇ ಅಲ್ವೇನ್ಲಾ ಇಡೋದು," ಅಂದ. ಆ ಮನುಷ್ಯನ ತಲೆಯೊಳಗೆ ಕೊಬ್ಬರಿ ಬಿಟ್ಟು ಇನ್ನೇನೂ ಇರಲಿಲ್ಲ. ಅದೇ ವಾರ ನಾನು ರೂಮು ಖಾಲಿ ಮಾಡಿದೆ. ಇಂಗ್ಲಿಷನ್ನು ಅವನು ಫೋನಿನಿಂದಲೇ ಬರೆಸಿಕೊಳ್ಳಲು ಕಲಿತ.

ಬೇಸಿಗೆ ಕಳೆದು ಗಿಟಾರು ಹರಾಜಿಗೆ ಬಂತು. ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಹಿಂದಿನ ಹಲಗೆ ಬಾಯಿ ಬಿಟ್ಟಿತ್ತು, ತಂತಿ ಕಟ್ಟುವ ಬ್ರಿಡ್ಜ್ ಎದ್ದು ನಿಂತಿತ್ತು. ಜೊತೆಗೊಂದು ವಿಡಿಯೋ. ಅದರಲ್ಲಿ ಪಂಚಣ್ಣ ಅದನ್ನು ಅಲ್ಲಾಡಿಸುತ್ತ ಹಲ್ಲು ಬಿಡುತ್ತಿದ್ದಾನೆ. ಆದರೂ ಕೆಟ್ಟುಹೋಗಿರಲಿಲ್ಲ. ನಿಧಾನವಾಗಿ ಅಂಟಿಸಿ, ಕ್ಲ್ಯಾಂಪ್ ಹಾಕಿ ಬಿಗಿದು, ಒಣಗಿಸಿ ಕೂಡಿಸಿದರೆ ಮತ್ತೆ ನುಡಿಯುತ್ತಿತ್ತು. ಆ ಅವತಾರ ನೋಡಿ ಬೇರೆ ಯಾರೂ ಕೂಗಲಿಲ್ಲ, ನಾನೊಬ್ಬನೇ ಕೂಗಿದೆ. ಸ್ಟೆಲ್ಲಮ್ಮನಿಗೆ ಫೋನ್ ಮಾಡಿ, "ಬಂದಂಗೇ ಕಣಮ್ಮ ಅದು," ಅಂದೆ. ಆಕೆ, "ತಂದ ದಿನ ಇಲ್ಲಿಗೇ ಬಾ, ಊಟಕ್ಕೆ," ಅಂದರು.

ಮಾರನೆಯ ದಿನ ನೋಡಿದರೆ ಹರಾಜು ರದ್ದಾಗಿತ್ತು. ಫೋನ್ ಮಾಡಿದರೆ ಪಂಚಣ್ಣ ಎತ್ತಲಿಲ್ಲ. ಒಂದು ವಾರ ಕಳೆದು, ಬೆಳಿಗ್ಗೆ ಕಾಫಿ ಕುಡಿಯುತ್ತ ಅದೇ ಹರಾಜಿನ ಪುಟ ತಿರುವುತ್ತಿದ್ದೆ. ಹಳೇ ಗಿಟಾರಿನ ಕಿವಿಗಳು, ಒಂದು ಸೆಟ್, ಮಾರಾಟಕ್ಕೆ. ಫೋಟೋದಲ್ಲಿ ಒಂದು ಕಿವಿ ತೆಂಗಿನ ಚಿಪ್ಪಿನದು. ಪಕ್ಕದಲ್ಲೇ ಬ್ರಿಡ್ಜ್, ಇನ್ನೊಂದು ಫೋಟೋದಲ್ಲಿ ಒಳಗಿನಿಂದ ಕಿತ್ತ ಕಂಪನಿಯ ಚೀಟಿ. ಇಡೀ ಕಾಯಿಗಿಂತ ಬಿಡಿಸಿದ ಮಾಲಿಗೆ ರೇಟು ಹೆಚ್ಚು ಅಂತ ಅವನಿಗೆ ಯಾರೋ ಹೇಳಿರಬೇಕು, ಅಥವಾ ತಾನೇ ಕಂಡುಕೊಂಡಿರಬೇಕು. ಕಾಫಿ ಲೋಟ ಅಲ್ಲೇ ಬಿಟ್ಟು ಬೈಕ್ ಹತ್ತಿದೆ. ಕಿವಿ ಹೋದರೆ ಹೊಸ ಕಿವಿ ಹಾಕಬಹುದು, ಬ್ರಿಡ್ಜ್ ಮಾಡಿಸಬಹುದು, ಆ ಹೊಟ್ಟೆಯೊಂದು ಸಿಕ್ಕಿದರೆ ಸಾಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ.

ಅವನ ತೋಟದ ಮನೆ ಹಂದನಕೆರೆ ರಸ್ತೆಯಲ್ಲಿದೆ. ನಾನು ಹೋದಾಗ ಪಂಚಣ್ಣ ಆಗತಾನೆ ಮಿಂದು, ಪಂಚೆ ಉಟ್ಟು, ಜಗುಲಿಯ ಮೇಲೆ ಕನ್ನಡಿ ಹಿಡಿದು ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಮೈಯಿಂದ ಇನ್ನೂ ಆವಿ ಏಳುತ್ತಿತ್ತು.

"ಬಾರ್ಲಾ ಲೋಕೇಸ. ಅಪರೂಪ," ಅಂದ.

"ಮೇಷ್ಟ್ರ ಗಿಟಾರು ಎಲ್ಲಣ್ಣ?"

"ಬುಡ್ಸಿ ಹಾಕಿದೀನಲ್ಲ, ನೋಡ್ಲಿಲ್ವಾ? ಕಿವಿಗೇ ನಾಲ್ಕು ಜನ ಕೂಗ್ತಾವ್ರೆ."

"ಅದಲ್ಲ ಅಣ್ಣ. ಗಿಟಾರಿನ ಹೊಟ್ಟೆ. ಉಳಿದಿದ್ದು. ಅದನ್ನ ನಂಗೆ ಕೊಡಿ, ಎಷ್ಟಾದ್ರೂ ಹೇಳಿ."

ಪಂಚಣ್ಣ ಕನ್ನಡಿ ಕೆಳಗಿಟ್ಟು ನನ್ನನ್ನು ನೋಡಿದ. ಆ ಮುಖದಲ್ಲಿ ಕುಹಕವಾಗಲಿ ಕಳ್ಳತನವಾಗಲಿ ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಅವತ್ತು ಕಪಾಳಕ್ಕೆ ಬಾರಿಸಿ ಬರುತ್ತಿದ್ದೆ. ಏನೂ ಇರಲಿಲ್ಲ. ಬೆಳಗಿನ ಹೊತ್ತು ಮನೆಗೆ ಬಂದವನನ್ನು ಕಂಡ ಸಂತೋಷವಿತ್ತು, ಅಷ್ಟೆ.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ," ಅಂದ. "ಎಲ್ಲಾ ಕಿತ್ಕಂಡ ಮೇಲೆ ಅದೇನ್ಲಾ, ಬರೀ ಚಿಪ್ಪು. ಬಚ್ಚಲ ಒಲೆಗೆ ಹಾಕ್ದೆ. ಎಂಗೆ ಒಣಗಿತ್ತು ಅಂತೀಯ, ಒಂಚೂರೂ ಹೊಗೆ ಇಲ್ಲ, ಹಂಗೇ ಹತ್ಕಂಡು ಉರೀತು. ಹಂಡೆ ತುಂಬ ನೀರು ಕಾದೈತೆ ನೋಡು. ದೂರದಿಂದ ಬಂದಿದೀಯ, ಮೈಮೇಲೆ ನಾಲ್ಕು ಚೊಂಬು ಹುಯ್ಕಂಡು ಹೋಗು."

ನಾನು ಜಗುಲಿ ಹತ್ತಲಿಲ್ಲ. ನನಗೆ ಸಂಕೋಚ ಅಂದುಕೊಂಡನೋ ಏನೋ, ಒಳಗಿದ್ದ ಹೆಂಡತಿಯನ್ನು ಕೂಗಿ ಹೇಳಿದ:

"ಲೇ ಇವಳೇ, ಲೋಕೇಸಂಗೊಂದು ಟವಲ್ ಕೊಡೇ."