ಐದು ಲಾಟೀನು ಆರಿಸಿದವಳು

ಇಲ್ಲಿಗೆ ಬಂದ ಎರಡನೇ ಬುಧವಾರ ನಾನೊಂದು ಅಂಗಡಿಯಲ್ಲಿ ಹಲಸಿನಹಣ್ಣಿಗೆ ಚೌಕಾಸಿ ಮಾಡುತ್ತಿದ್ದೆ. ಎಂಟಾಣೆಗೆ ಇಳಿಸಿದೆ, ಗೆದ್ದೆ ಎನ್ನುವಷ್ಟರಲ್ಲಿ ಅಂಗಡಿ ಮೆಲ್ಲಗೆ ನನಗೆ ಬೆನ್ನು ತಿರುಗಿಸಿ, ಹಣ್ಣು ಮತ್ತು ಮುದುಕಿ ಸಮೇತ ಹೊರಟುಹೋಯಿತು. ನಾನು ಮೊಣಕಾಲುದ್ದ ನೀರಿನಲ್ಲಿ ಕೈ ಚಾಚಿ ನಿಂತೇ ಇದ್ದೆ. ಅಂಗಡಿ ಒಂದು ಸುತ್ತು ಹಾಕಿ ವಾಪಸು ಬಂತು. ಮುದುಕಿ ಏನೂ ಆಗದವಳಂತೆ, “ಮುಕ್ಕಾಲ್ ರೂಪಾಯಿ ಕಣವ್ವ” ಎಂದಳು. ನೀರಿನ ಮೇಲೆ ತಿರುಗಿ ಬರುವಷ್ಟರಲ್ಲಿ ಬೆಲೆ ಏರಿತ್ತು!

ಅಜ್ಜಂಪುರದವರೇ, ನಂಬಿ. ಬಿದಿರಿನ ಒಂದು ದೊಡ್ಡ ಬುಟ್ಟಿ ಹೆಣೆದು ಹೊರಗಿನಿಂದ ಟಾರು ಬಳಿದರೆ ಅದು ತೆಪ್ಪ. ಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಅಂಥ ಮೂವತ್ತು ತೆಪ್ಪಗಳು (ಸರಿ, ಹನ್ನೆರಡು) ಬುಧವಾರ ಸಂಜೆ ಒಂದೇ ಕಡೆ ಸೇರುತ್ತವೆ. ರಸ್ತೆಯಿಲ್ಲದ ಆಚೆ ದಡದವರು, ನಡುಗಡ್ಡೆಯವರು ಮೀನು, ಜೇನು, ಕಳಲೆ ತರುತ್ತಾರೆ. ಕಳಲೆ ಎಂದರೆ ಎಳೆ ಬಿದಿರು. ಹೌದು, ಇಲ್ಲಿ ಬಿದಿರನ್ನೂ ತಿನ್ನುತ್ತಾರೆ. ನಮ್ಮಲ್ಲಿ ಅದರಲ್ಲಿ ಮೇಷ್ಟ್ರು ಹೊಡೆಯುತ್ತಾರೆ.

ಅವರು ಯಾರೂ ದಡಕ್ಕೆ ಇಳಿಯುವುದಿಲ್ಲ. ಕೊಳ್ಳುವವರೇ ನೀರಿಗಿಳಿಯಬೇಕು, ಇಲ್ಲವೇ ಇನ್ನೊಂದು ತೆಪ್ಪ ಹತ್ತಬೇಕು. ಯಾಕೆ ಎಂದು ಹಲಸಿನಹಣ್ಣಿನ ಮುದುಕಿಯನ್ನೇ ಕೇಳಿದೆ. ಅವಳ ಹೆಸರು ದ್ಯಾವಮ್ಮ.

“ಸಂತೆ ಮಾಳ ಇರೋದೇ ಇಲ್ಲಿ ಕಣವ್ವ,” ಎಂದು ಹುಟ್ಟುಗೋಲಿನಿಂದ ನೀರಿನ ಕೆಳಗೆ ತೋರಿಸಿದಳು. “ನನ್ ಜಾಗ ಅಲ್ಲೇ, ಹುಣಸೇಮರದ ಬುಡ. ಡ್ಯಾಮ್ ಕಟ್ದಾಗ ನೀರ್ ಬಂತು. ನೀರ್ ಬಂತು ಅಂತ ಜಾಗ ಬಿಡಕ್ಕಾಯ್ತದಾ?”

ನಾನು ಬಗ್ಗಿ ನೋಡಿದೆ. ಕೆಳಗೆ ಏನೂ ಕಾಣಲಿಲ್ಲ. ನೀರು ಕಪ್ಪಗೆ, ಸದ್ದಿಲ್ಲದೆ ಇತ್ತು. ನಮ್ಮೂರಿನಲ್ಲಿ ನೀರು ಎಂದರೆ ಸದ್ದು: ರಾಟೆಯ ಕಿರ್ರ್, ಕೊಡದ ಢಣ್, ಸರದಿಯ ಜಗಳ. ಇಷ್ಟು ನೀರಿದ್ದೂ ಇಲ್ಲಿ ಒಂದು ಜಗಳವಿಲ್ಲ. ಮೊದಲು ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ನಾವು ಇಲ್ಲಿಗೆ ಬಂದದ್ದು ಅಪ್ಪನ ಕೆಲಸದಿಂದ. ಅಜ್ಜಂಪುರದಿಂದ ತರೀಕೆರೆಗೆ ಒಂದು ಬಸ್ಸು, ಅಲ್ಲಿಂದ ಲಕ್ಕವಳ್ಳಿಗೆ ಇನ್ನೊಂದು, ಆಮೇಲೆ ಕ್ಯಾಂಪಿಗೆ ನಡಿಗೆ. ನಕ್ಷೆಯಲ್ಲಿ ಒಂದು ಗೇಣು ಇಲ್ಲ. ನನ್ನ ಲೆಕ್ಕದಲ್ಲಿ ಬೇರೆ ದೇಶ. ಅಪ್ಪ ಇಲ್ಲಿನ ಸೊಸೈಟಿ ಅಂಗಡಿಯಲ್ಲಿ ಕಾರ್ಡಿನವರಿಗೆ ಸಕ್ಕರೆ, ಸೀಮೆಎಣ್ಣೆ ಅಳೆದು ಕೊಡುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಶಿವನ ನಂತರದ ದೇವರು ಸೀಮೆಎಣ್ಣೆ. ಯಾರೂ ಕೂರದ ಕೋಣೆಯಲ್ಲಿ ದೀಪ ಉರಿದರೆ ಅಪ್ಪನಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಅವರೊಬ್ಬರೇ ಅಲ್ಲ, ಅಜ್ಜಂಪುರದ ನಮ್ಮ ಓಣಿಯೇ ಹಾಗೆ. ಪಕ್ಕದ ಮನೆಯ ಪಡಸಾಲೆಯಲ್ಲಿ ಲಾಟೀನು ಸುಮ್ಮನೆ ಉರಿಯುತ್ತಿದ್ದರೆ ದಾರಿಯಲ್ಲಿ ಹೋಗುವವರು ಒಳಗೆ ಬಂದು ಶಾಂತ ಮಾಡಿ ಹೋಗುತ್ತಾರೆ. ಮನೆಯವರು ಬಂದು, “ಯಾರೋ ಪುಣ್ಯಾತ್ಮರು” ಎನ್ನುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ. ನನ್ನ ವಕಾಲತ್ತಿಗೆ ಇದೊಂದೇ ಸಾಕ್ಷಿ.

ಮೇ ಕೊನೆಯ ಬುಧವಾರ ಅಪ್ಪ, ಅವ್ವ, ನಾನು ಮೂವರೂ ಸಂತೆಗೆ ಹೋದೆವು. ಮೀನಿನ ವಾಸನೆಗೆ ಅವ್ವ ಸೆರಗನ್ನು ಮೂಗಿನೊಳಗೇ ತುರುಕಿಕೊಂಡಿದ್ದಳು. ಅಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದಿದ್ದರು. ಅವರಿಗೆ ಈಜು ಬಾರದು, ನೀರು ಮಂಡಿಗೆ ಬಂದರೆ ಮಂತ್ರ ಶುರುವಾಗುತ್ತದೆ. ಆಗ ದ್ಯಾವಮ್ಮ, “ಹುಳ ನೋಡಕ್ ಬತ್ತೀರಾ? ತಲೆಗೆ ನಾಕಾಣೆ. ಮಳೆ ಹಿಡಿದ್ರೆ ಮುಗೀತು, ಮತ್ತೆ ಮುಂದಿನ್ ವರ್ಷವೇ” ಎಂದಳು. ನಡುಗಡ್ಡೆಯ ಮರಗಳಿಗೆ ಮಿಂಚುಹುಳ ಮುತ್ತುವ ಕಾಲ ಅದು.

ಮೊದಲ ಸರದಿ ನನ್ನದು ಮತ್ತು ಓವರ್ಸಿಯರ್ ಮಗಳು ಸುಧಾಳದು. ಇನ್ನೂ ಬೆಳಕಿತ್ತು. ಬೇಸಿಗೆಯಲ್ಲಿ ನೀರು ಇಳಿದು, ಮುಳುಗಿ ಸತ್ತ ಮರಗಳ ತುದಿಗಳು ಅಲ್ಲಲ್ಲಿ ಕೈಬೆರಳಿನಂತೆ ಮೇಲೆದ್ದಿದ್ದವು. ತೆಪ್ಪದಲ್ಲಿ ದೀಪವಿಲ್ಲ, ದೀಪ ಕಂಡರೆ ಹುಳ ಮಿಣುಕುವುದಿಲ್ಲವಂತೆ. ದ್ಯಾವಮ್ಮ ಹುಟ್ಟು ಹಾಕುತ್ತಾ ದಡದ ಕಡೆ ಕೈ ಮಾಡಿ ಏನೋ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ನಾನು ಸುಧಾಗೆ ನನ್ನ ಕಂಠದ ಮಹಿಮೆ ಹೇಳುವುದರಲ್ಲಿ ಮುಳುಗಿದ್ದೆ.

“ನಮ್ಮ ತಾತ ಹುಲ್ಲಿನ ಕಾವಲಿನಲ್ಲಿ ದನ ಕಾಯ್ತಿದ್ರು. ಅಮೃತ್‌ಮಹಲ್ ದನ ಕಣೇ, ಹುಲಿಗೂ ಹೆದರಲ್ಲ. ನಾನು ಒಂದು ಕೂಗು ಹಾಕಿದ್ರೆ ಎರಡು ಮೈಲಿಯಿಂದ ಓಡಿ ಬತ್ತವೆ.”

“ಹೋದ ವಾರ ಒಂದ್ ಮೈಲಿ ಅಂದಿದ್ದೆ,” ಎಂದಳು ಸುಧಾ.

“ದನ ಬೆಳೀತವೆ, ಮೈಲಿ ಬೆಳೀಬಾರ್ದಾ?”

ನಡುಗಡ್ಡೆ ಬಂತು. ಮರಗಳ ಕೆಳಗೆ ಆಗಲೇ ಕತ್ತಲಾಗಿತ್ತು. ನನ್ನ ಬಾಯಿ ನಿಂತಿತು. ಒಂದು ಇಡೀ ಮರ ಒಮ್ಮೆಗೇ ಹೊತ್ತಿಕೊಂಡು ಒಮ್ಮೆಗೇ ಆರಿತು. ಅದರ ಹಿಂದಿನದು, ಆಮೇಲೆ ಇನ್ನೊಂದು, ಸಾವಿರ ಕಣ್ಣು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದಂತೆ. ನಮ್ಮ ಬಯಲಿನಲ್ಲಿ ಮಿಂಚುಹುಳ ಎಂದರೆ ದಾರಿ ತಪ್ಪಿದ ಒಂದೋ ಎರಡೋ; ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕುತ್ತೇವೆ. ಇಲ್ಲಿ ಹುಳಗಳೇ ನಮ್ಮನ್ನು ಪೊಟ್ಟಣದೊಳಗೆ ಹಾಕಿ ನೋಡುತ್ತಿದ್ದವು. ಚೆನ್ನಾಗಿತ್ತೇ ಎಂದರೆ ಚೆನ್ನಾಗಿತ್ತು. ಆದರೆ ಮರ ಆರಿದಾಗ ಬರುವ ಆ ಒಂದು ಗಳಿಗೆಯ ಕತ್ತಲಲ್ಲಿ ಎದುರಿಗೆ ಕೂತ ಸುಧಾ ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

ನಾವು ವಾಪಸು ಬಂದಾಗ ದಡದ ಗೆರೆ ಇನ್ನೂ ಕಾಣುತ್ತಿತ್ತು. ಸುಧಾ ಮನೆಗೆ ಹೋದಳು. ಎರಡನೇ ಸರದಿಗೆ ಅವ್ವ ಹತ್ತಿದಳು. ಅಪ್ಪ ಹತ್ತಲಿಲ್ಲ, ಅವ್ವ, “ನಾಕಾಣೆ ಕೊಟ್ಟಾಗದೆ” ಎಂದಳು, ಅಪ್ಪ ಹತ್ತಿದರು. ನನ್ನನ್ನು ಹಲಸಿನಹಣ್ಣಿನ ಕಾವಲಿಗೆ ಬಿಟ್ಟು ತೆಪ್ಪ ತಿರುಗುತ್ತಾ ಹೋಯಿತು.

ಸಂತೆ ಚದುರಿತು. ಪಡುವಣದಲ್ಲಿ ಮೋಡ ಎದ್ದಿತು. ನಾನು ಒಬ್ಬಳೇ. ಆಗ ನನ್ನ ಕಣ್ಣಿಗೆ ಬಿದ್ದದ್ದು ಲಾಟೀನುಗಳು. ದಡದ ಉದ್ದಕ್ಕೆ ಐದು ಬಿದಿರು ಗಳ, ಒಂದೊಂದರ ತುದಿಗೆ ಒಂದೊಂದು ಲಾಟೀನು. ಹತ್ತಿರ ಒಂದು ನರಪಿಳ್ಳೆ ಇಲ್ಲ. ಐದೂ ದೊಡ್ಡ ಉರಿಯಲ್ಲಿ ಧಗಧಗ ಉರಿಯುತ್ತಿವೆ. ಅಪ್ಪ ಹನಿ ಹನಿ ಅಳೆದು ಕೊಡುವ ಎಣ್ಣೆ! ನನಗೆ ಹೊಟ್ಟೆ ಉರಿಯಿತು. ಗಳ ಬಗ್ಗಿಸಿ, ಗಾಜು ಎತ್ತಿ, ಉಫ್. ಎರಡನೆಯದು, ಉಫ್. ಐದನೆಯದನ್ನು ಆರಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಯಾರೋ ಬಂದು “ಯಾರೋ ಪುಣ್ಯಾತ್ಮರು” ಎನ್ನಲಿ ಎಂದು ಕಾದೆ.

ಗುಡಿಸಲ ಸಾಲಿನಿಂದ ಒಬ್ಬ ಹೆಂಗಸು ಕಿರುಚುತ್ತಾ ಓಡಿ ಬಂದಳು. ದ್ಯಾವಮ್ಮನ ಸೊಸೆ, ಚೌಡಮ್ಮ. ಜಡೆ ಬಿಚ್ಚಿಹೋಗಿತ್ತು.

“ಯಾರ್ ಹೋದ್ರೇ? ಯಾವ್ ತೆಪ್ಪ? ಐದೂನಾ?”

“ಯಾರೂ ಎಲ್ಲೂ ಹೋಗಿಲ್ಲ,” ಎಂದೆ. “ಎಣ್ಣೆ ಉಳಿಸ್ದೆ.”

ಅವಳು ನನ್ನ ಮುಖವನ್ನೇ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಮೆಲ್ಲಗೆ ಹೇಳಿದಳು: “ಈ ದಡದಿಂದ ನೀರಿಗೆ ಹೋಗೋ ಮನೆಗೊಂದು ದೀಪ ಕಣೇ ಅದು. ನೀರ್ ಮೇಲಿರೋರು ಅದ್ನ ನೋಡ್ಕಂಡ್ ಬತ್ತಾರೆ. ಬಂದೋರು ತಾವೇ ಇಳಿಸ್ಬೇಕು. ಬೇರೆಯೋರು ಆರಿಸೋದು ಹೆಣ ಸಿಕ್ದಾಗ.”

ನಾನು ನೀರಿನ ಕಡೆ ತಿರುಗಿದೆ. ದೂರದಲ್ಲಿ ನಡುಗಡ್ಡೆ ಹೊತ್ತಿ ಆರುತ್ತಿತ್ತು. ಈಗ ದಡದ ಮರಗಳಿಗೂ ಹುಳ ಮುತ್ತಿದ್ದವು. ಎಡಕ್ಕೆ ಬೆಳಕು, ಬಲಕ್ಕೆ ಬೆಳಕು, ಎಲ್ಲವೂ ಮಿಣುಕುವ ಬೆಳಕು. ದ್ಯಾವಮ್ಮ ಹೇಳಿದ್ದು ಆಗ ಕಿವಿಗೆ ಬಂತು, ತಡವಾಗಿ ಬಂದ ಬಸ್ಸಿನಂತೆ: “ಮಿಣುಕೋದೆಲ್ಲ ಹುಳ ಕಣವ್ವ. ಮಿಣುಕದೇ ಇರೋದು ನಮ್ ದಡ.” ಆ ಕತ್ತಲಲ್ಲಿ ಐದು ತೆಪ್ಪ. ಒಂದರಲ್ಲಿ ಈಜು ಬಾರದ ನನ್ನ ಅಪ್ಪ, ಅವ್ವ. ಮಧ್ಯೆ ಸತ್ತ ಮರಗಳ ಮೊನೆ. ಟಾರು ಬಳಿದ ಬುಟ್ಟಿಗೆ ಒಂದು ಮೊನೆ ಸಾಕು.

ಚೌಡಮ್ಮ ಸೊಂಟದಿಂದ ಬೆಂಕಿಪೊಟ್ಟಣ ತೆಗೆದಳು. ಗಾಳಿ ಮೊದಲ ಕಡ್ಡಿ ತಿಂದಿತು, ಎರಡನೆಯದು ತಿಂದಿತು. ಹೇಗೋ ಒಂದು ಹತ್ತಿತು. ಮಳೆಯ ಮೊದಲ ದಪ್ಪ ಹನಿ ಬಿಸಿ ಗಾಜಿಗೆ ಬಿದ್ದು ಗಾಜು ಸಿಡಿಯಿತು. ನೀರಿನ ಮೇಲಿನಿಂದ ಯಾರದೋ ಸ್ವರ ಬಂತು. ಎಲ್ಲಿಂದ ಎಂದು ಗೊತ್ತಾಗಲಿಲ್ಲ. ನಡುಗಡ್ಡೆಯ ಕಡೆಗೇ ದೂರವಾಗುತ್ತಿತ್ತು.

“ಕೂಗೇ!” ಎಂದಳು ಚೌಡಮ್ಮ. ಅವಳೂ ಕೂಗಿದಳು. ಗಾಳಿ ಆ ಕೂಗನ್ನು ಅಲ್ಲೇ ಮಡಚಿ ಹಾಕಿತು.

ನಾನು ಮಂಡಿಯವರೆಗೆ ನೀರಿಗಿಳಿದೆ. ಎರಡೂ ಕೈ ಬಾಯಿಯ ಸುತ್ತ ಹಿಡಿದು, ತಾತ ಕಲಿಸಿದಂತೆ ಹೊಟ್ಟೆಯ ತಳದಿಂದ ಎಳೆದೆ: “ಹೋ... ಓ... ಬಾ ಗೌರೀ... ಬಾ...”

ಅದು ಬಯಲಿನ ಕೂಗು. ತಗ್ಗಿ ಹೋಗಿ ಕೊನೆಗೆ ಏರುವ ಕೂಗು. ಮರವಿಲ್ಲದ ಕಾವಲಿನಲ್ಲಿ ಸಲೀಸಾಗಿ ಹೋಗುತ್ತದೆ. ನೀರಿನ ಮೇಲೂ ಹೋಯಿತು, ನೀರೂ ಒಂದು ಬಯಲೇ. ಎಷ್ಟು ಸಲ ಕೂಗಿದೆನೋ! ನೂರು ಎಂದು ಹೇಳುವ ಆಸೆ. ಗಂಟಲಲ್ಲಿ ರಕ್ತದ ರುಚಿ ಬಂದದ್ದು ಮಾತ್ರ ನಿಜ. ಆಮೇಲೆ ಕತ್ತಲಿನೊಳಗಿಂದ ಅಪ್ಪನ ದನಿ ಬಂತು: “ಗಿರ್ಜೀ, ನಿಲ್ಲಿಸ್ಬೇಡ ಕಣವ್ವಾ... ಕೂಗ್ತಿರು...”

ಒಂದೊಂದಾಗಿ ನಾಲ್ಕು ತೆಪ್ಪ ಬಂದವು. ಕೊನೆಗೆ ದ್ಯಾವಮ್ಮನದು, ಅರ್ಧ ನೀರು ತುಂಬಿಕೊಂಡು. ಅವ್ವ ಸೆರಗಿನಿಂದ ಬುಟ್ಟಿಯ ಸೀಳು ಒತ್ತಿ ಹಿಡಿದಿದ್ದಳು. ಮೂಗಿಗೆ ಸೆರಗು ಇರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಓಣಿಯೆಲ್ಲ ಸೇರಿ ಬೈದು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ನಾಲ್ಕು ತೆಪ್ಪದವರೂ ತಮ್ಮ ತಮ್ಮ ಆರಿದ ಲಾಟೀನು ಇಳಿಸಿಕೊಂಡು, ನನ್ನ ಪಕ್ಕದಲ್ಲೇ, ನಾನು ಇಲ್ಲವೇ ಇಲ್ಲ ಎಂಬಂತೆ ನಡೆದು ಹೋದರು. ದ್ಯಾವಮ್ಮ ಒಡೆದ ಗಾಜನ್ನು ಮುಟ್ಟಿ ನೋಡಿ, “ಇವತ್ತು ನಾನು ಸತ್ತಂಗಾಯ್ತು. ಇರ್ಲಿ ಬಿಡು, ಸತ್ರೂ ಊಟಕ್ಕೇನೂ ತೊಂದ್ರೆ ಇಲ್ವಲ್ಲ” ಎಂದಳು. ನಾನು ನಗಲು ನೋಡಿದೆ. ಅವಳು ನಗುತ್ತಿರಲಿಲ್ಲ.

ಮುಂದಿನ ಬುಧವಾರ ಅವಳ ತೆಪ್ಪ ರಿಪೇರಿಯಾಗಿ ಸಂತೆಗೆ ಬಂತು. ಹಲಸಿನಹಣ್ಣು ಯಾರೂ ಕೊಳ್ಳಲಿಲ್ಲ. ತೆಪ್ಪ ಯಾರೂ ಹತ್ತಲಿಲ್ಲ. ದೀಪ ಆರಿದ್ದಲ್ಲದೆ ಗಾಜೂ ಒಡೆದು ಬುಟ್ಟಿಯೂ ಸೀಳಿದ್ದು ಅವಳದೊಂದೇ, ಸತ್ತವಳ ತೆಪ್ಪ ಎಂದು ಎಲ್ಲರಿಗೂ ಅಂಜಿಕೆ. ಅವಳು ಹುಣಸೇಮರದ ಬುಡದ ಮೇಲೆ, ತನ್ನ ಜಾಗದಲ್ಲಿ, ಸುಮ್ಮನೆ ತಿರುಗುತ್ತಿದ್ದಳು. ಅದರ ಮುಂದಿನ ವಾರವೂ ಅಷ್ಟೆ.

ಮೂರನೇ ವಾರ ಅಪ್ಪ ಅಂಗಡಿಯಿಂದ ನೇರ ದಡಕ್ಕೆ ಬಂದರು, ಹೆಗಲ ಮೇಲೆ ಸಕ್ಕರೆ ಮೂಟೆ. ಎಲ್ಲರಿಗೂ ಕೇಳುವಂತೆ, “ದ್ಯಾವಮ್ಮ, ಆಚೆ ದಡದೋರ ರೇಶನ್ನು ಇನ್ಮೇಲೆ ನಾನೇ ಮುಟ್ಟಿಸ್ತೀನಿ. ಹತ್ತಿಸ್ಕಳಮ್ಮ” ಎಂದರು. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು.

“ಈಜು ಬತ್ತದಾ ಸ್ವಾಮಿ?”

“ಇಲ್ಲ.”

“ಮಗ್ಳು ಕೂಗ್ತಾಳಾ?”

“ಅದೊಂದು ಬತ್ತದೆ ಅವ್ಳಿಗೆ.”

ದ್ಯಾವಮ್ಮ ನಕ್ಕಳು. ಸಂತೆಯೂ ನಕ್ಕಿತು. ಅಂದು ಅವಳ ಹಲಸಿನಹಣ್ಣೂ ಖರ್ಚಾಯಿತು. ತೆಪ್ಪ ಹೊರಡುವ ಮುಂಚೆ ಚೌಡಮ್ಮ ಆರನೆಯ ಗಳ ತಂದು ದಡದಲ್ಲಿ ನೆಟ್ಟಳು. ಹೊಸ ಲಾಟೀನು ನನ್ನ ಕೈಗೆ ಕೊಟ್ಟು, “ನಿಮ್ದು” ಎಂದಳು.

ಅದನ್ನು ಕೇಳಿ ನನಗೆ ಕುಣಿಯಬೇಕು ಅನಿಸಿತು. ಬಂದು ಒಂದು ತಿಂಗಳಾದ ಮೇಲೆ ಈ ಊರು ನಮಗೆ ‘ನಿಮ್ಮದು’ ಎಂದು ಕೊಟ್ಟ ಮೊದಲ ವಸ್ತು ಅದು. ಆಮೇಲೆ ಅದು ಏನೆಂದು ಅರ್ಥವಾಯಿತು. ಹಿಂತಿರುಗಿ ಬಾರದೆ ಹೋಗಬಹುದಾದವರ ಸಾಲಿನಲ್ಲಿ ಈಗ ನಮ್ಮದೂ ಒಂದು ಗಳ. ಪ್ರತಿ ಬುಧವಾರ ಅಪ್ಪ ವಾಪಸು ಬರುವವರೆಗೆ ನಾನು ಅದರ ಬುಡದಲ್ಲಿ ಕೂರುತ್ತೇನೆ. ಸೀನು ಬಂದರೆ ಎದ್ದು ಹತ್ತು ಮಾರು ದೂರ ಹೋಗಿ ಸೀನುತ್ತೇನೆ.

ಹೋದ ತಿಂಗಳು ಅವ್ವನ ಜೊತೆ ಅಜ್ಜಂಪುರಕ್ಕೆ ಬಂದಿದ್ದೆ. ನೀವೆಲ್ಲ ನೋಡಿದಿರಿ, ನನ್ನ ಜಂಬವನ್ನೂ ಕೇಳಿದಿರಿ. ಮೊಸಳೆ ಕಂಡೆ ಎಂದದ್ದು ಸುಳ್ಳು. ಸಂಜೆ ಊಟವಾದ ಮೇಲೆ ಅಜ್ಜಿ, “ಪಡಸಾಲೆ ದೀಪ ಶಾಂತ ಮಾಡೇ ಗಿರ್ಜಿ, ಸುಮ್ನೆ ಉರೀತೈತೆ” ಎಂದಳು. ನಾನು ಎದ್ದು ಹೋದೆ. ಗಾಜು ಎತ್ತಿದೆ. ಬಾಯಿ ಊದಲೇ ಇಲ್ಲ.

“ಯಾಕೆ, ಯಾರ್ ಬರ್ಬೇಕೇ ಇನ್ನೂ?” ಎಂದಳು ಅಜ್ಜಿ.

ಯಾರೂ ಬರಬೇಕಿರಲಿಲ್ಲ. ಹೊರಗೆ ಬಯಲು, ಒಂದು ಹನಿ ನೀರಿಲ್ಲ. ನಾನು ಗಾಜು ಇಳಿಸಿ, ಬತ್ತಿಯನ್ನು ಇನ್ನಷ್ಟು ಏರಿಸಿದೆ. ಅಂದು ಬುಧವಾರ.